ಹತ್ತೊಂಬತ್ತನೇ ವಾರ

ಕಪ್ಪು ಚಾದರ ಹೊದ್ದ ಹೆಂಗಸು ಬಸುರಿಯೋ ಅಲ್ಲವೋ ಎಂದು ನೋಡಿದ ಮಾತ್ರಕ್ಕೆ ಹೇಳಲಾಗದು. ತಲೆಯಿಂದ ಪಾದದವರೆಗೆ ಇಳಿಬಿದ್ದ ಬಟ್ಟೆ, ಗದ್ದದ ಕೆಳಗೆ ಒಂದು ಕೈಯಲ್ಲಿ ಹಿಡಿದ ಅದರ ಅಂಚು, ಇನ್ನೊಂದು ಕೈಯಲ್ಲಿ ಪುಟ್ಟ ಮಗಳು. ಅಸ್ಗರ್ ಫರ್ಹಾದಿಯ 2011ರ ‘ಎ ಸೆಪರೇಷನ್’ ಚಿತ್ರದಲ್ಲಿ ರಾಜಿಯೆ ಟೆಹ್ರಾನಿನ ಮಧ್ಯಮವರ್ಗದ ಫ್ಲ್ಯಾಟಿಗೆ ಕೆಲಸಕ್ಕೆ ಬರುವುದು ಹೀಗೆ. ಮರೆವಿನ ಕಾಯಿಲೆಯ ಮುದುಕನನ್ನು ನೋಡಿಕೊಳ್ಳುವ ಕೆಲಸ. ಕೆಲವೇ ದಿನಗಳಲ್ಲಿ ಮುದುಕನ ಮಗ ನಾದೆರ್ ಸಿಟ್ಟಿನಲ್ಲಿ ಅವಳನ್ನು ಬಾಗಿಲಿನಿಂದ ಆಚೆ ತಳ್ಳುತ್ತಾನೆ. ಅವಳ ಹೊಟ್ಟೆಯಲ್ಲಿದ್ದ ಮಗು ಹೋಗುತ್ತದೆ. ಅಲ್ಲಿಂದ ಮುಂದೆ ಇಡೀ ಸಿನಿಮಾ ಒಂದು ಇಕ್ಕಟ್ಟಾದ ಕಚೇರಿಯಲ್ಲಿ ಕೇಳಿದ ಒಂದೇ ಪ್ರಶ್ನೆಯ ಸುತ್ತ ತಿರುಗುತ್ತದೆ: ಈಕೆ ಬಸುರಿ ಎಂದು ನಿನಗೆ ಗೊತ್ತಿತ್ತೋ ಇಲ್ಲವೋ?

ಬಹಳ ಮಂದಿ ಇದನ್ನು ಸತ್ಯ–ಸುಳ್ಳಿನ ಕತೆಯಾಗಿ ನೋಡಿದ್ದಾರೆ. ಅದೂ ಸರಿಯೇ. ಆದರೆ ಆ ಪ್ರಶ್ನೆಯನ್ನು ನ್ಯಾಯಾಧೀಶ ಸುಮ್ಮನೆ ಕೇಳುತ್ತಿಲ್ಲ. ಇರಾನಿನ ದಂಡ ಸಂಹಿತೆಯ 622ನೇ ವಿಧಿ ಬಸುರಿಯನ್ನು ಹೊಡೆದು ಅಥವಾ ಹಿಂಸಿಸಿ ಗರ್ಭ ಹೋಗುವಂತೆ ಮಾಡಿದವನಿಗೆ ಪರಿಹಾರಧನದ ಜೊತೆಗೆ ಒಂದರಿಂದ ಮೂರು ವರ್ಷ ಸೆರೆ ಎನ್ನುತ್ತದೆ. ಅದೇ ವಿಧಿಯ ಮೊದಲಲ್ಲೇ ‘ಆಲಿಮನ್ ಆಮಿದನ್’ ಎಂಬ ಎರಡು ಪದಗಳಿವೆ. ತಿಳಿದು, ಬೇಕೆಂದೇ ಎಂದರ್ಥ. ತಿಳಿದಿರಲಿಲ್ಲ ಎಂದಾದರೆ ಆ ಸೆರೆ ಇಲ್ಲ. ರಾಜಿಯೆ ನಾದೆರ್‌ನ ಮಗಳ ಶಿಕ್ಷಕಿಯ ಜೊತೆ ತನ್ನ ಬಸಿರಿನ ಬಗ್ಗೆ ಮಾತಾಡುವಾಗ ನಾದೆರ್ ಅಡುಗೆಮನೆಯಲ್ಲಿದ್ದನಲ್ಲ, ಮಾತು ಅವನ ಕಿವಿಗೆ ಬಿದ್ದಿತ್ತೇ? ಮಗಳು ತೆರ್ಮೆ ಅಪ್ಪನಿಗಾಗಿ ನ್ಯಾಯಾಧೀಶನ ಮುಂದೆ ಸುಳ್ಳು ಹೇಳುವುದು ಈ ಎರಡು ಪದಗಳ ಸಲುವಾಗಿ. ಚಾದರ ಇಲ್ಲಿ ಸಾಕ್ಷ್ಯದ ಭಾಗವೇ ಆಗಿಬಿಡುತ್ತದೆ. ನೋಡುವ ನಮಗೂ ಅವಳ ಹೊಟ್ಟೆ ಕಂಡಿರಲಿಲ್ಲ.

ಇನ್ನೊಂದು ವಿಷಯ ವಾರದ ಲೆಕ್ಕ. ಮಗುವಿಗೆ ನಾಲ್ಕೂವರೆ ತಿಂಗಳು ಆಗಿತ್ತು ಎಂಬ ಮಾತು ಬಂದ ಕೂಡಲೇ ಪ್ರಕರಣ ಕೊಲೆಯ ಪ್ರಕರಣವಾಗುತ್ತದೆ. ಯಾಕೆ ಎಂದು ಚಿತ್ರ ವಿವರಿಸುವುದಿಲ್ಲ. ಅಲ್ಲಿನ ಪ್ರೇಕ್ಷಕನಿಗೆ ಅದು ಗೊತ್ತು. ನಮಗೆ ಗೊತ್ತಿರುವುದಿಲ್ಲ. ಶಿಯಾ ಫಿಖ್ಹದ, ಅಂದರೆ ಧರ್ಮಶಾಸ್ತ್ರದ, ಪ್ರಕಾರ ಗರ್ಭ ನಿಂತ ನಾಲ್ಕು ತಿಂಗಳಿಗೆ, ಅಂದರೆ 120 ದಿನಕ್ಕೆ, ಭ್ರೂಣದೊಳಗೆ ರೂಹ್, ಜೀವಾತ್ಮ, ಬಂದು ಸೇರುತ್ತದೆ. ವೈದ್ಯರು ಬಸಿರನ್ನು ಎಣಿಸುವುದು ಕಡೆಯ ಮುಟ್ಟಿನ ಮೊದಲ ದಿನದಿಂದ. ಗರ್ಭ ನಿಲ್ಲುವುದು ಅದಾದ ಸುಮಾರು ಎರಡು ವಾರಕ್ಕೆ. 120 ದಿನ ಎಂದರೆ ಹದಿನೇಳು ವಾರ ಒಂದು ದಿನ. ಅದಕ್ಕೆ ಎರಡು ವಾರ ಕೂಡಿಸಿದರೆ ಹತ್ತೊಂಬತ್ತನೇ ವಾರ. ಸ್ಕ್ಯಾನಿಂಗ್ ವರದಿಯ ಮೇಲೆ ಬರೆದಿರುವ ಆ ಅಂಕಿಯ ಈಚೆ ಬದಿಯಲ್ಲಿದ್ದರೆ ಒಂದು ಕಾನೂನು, ಆಚೆಗೆ ಹೋದರೆ ಇನ್ನೊಂದು.

ಈಚೆ ಬದಿಗೂ ಮೆಟ್ಟಿಲುಗಳಿವೆ. 2013ರ ಸಂಹಿತೆಯ 716ನೇ ವಿಧಿ ಭ್ರೂಣಕ್ಕೆ ಕೊಡಬೇಕಾದ ದಿಯೆಯನ್ನು, ಅಂದರೆ ರಕ್ತಪರಿಹಾರವನ್ನು, ಶೇಕಡಾವಾರು ಹೇಳುತ್ತದೆ. ಗರ್ಭದಲ್ಲಿ ನೆಲೆಸಿದ ಬಿಂದುವಾಗಿದ್ದರೆ ಪೂರ್ಣ ದಿಯೆಯ ಶೇ 2, ಹೆಪ್ಪುಗಟ್ಟಿದ ರಕ್ತದ ಹಂತದಲ್ಲಿ ಶೇ 4, ಮಾಂಸದ ಮುದ್ದೆಯಾದಾಗ ಶೇ 6, ಎಲುಬು ಮೂಡಿದಾಗ ಶೇ 8, ಎಲುಬಿನ ಮೇಲೆ ಮಾಂಸ ತುಂಬಿ ಆಕಾರ ಬಂದು ಜೀವಾತ್ಮ ಇನ್ನೂ ಬರದಿದ್ದಾಗ ಶೇ 10. ಜೀವಾತ್ಮ ಬಂದ ಮೇಲೆ ಗಂಡಾದರೆ ಪೂರ್ತಿ, ಹೆಣ್ಣಾದರೆ ಅರ್ಧ, ಯಾವುದೆಂದು ತಿಳಿಯದಿದ್ದರೆ ಮುಕ್ಕಾಲು. ಫರ್ಹಾದಿ ಚಿತ್ರ ಮಾಡುವ ಹೊತ್ತಿಗೆ ಇದ್ದ ಹಳೆಯ ಸಂಹಿತೆಯಲ್ಲೂ ಇದೇ ಏಣಿ, ದಿನಾರಿನ ಲೆಕ್ಕದಲ್ಲಿ: 20, 40, 60, 80, 100, ಆಮೇಲೆ ಪೂರ್ಣ ದಿಯೆ. ಶೇ 10ರಿಂದ ಶೇ 100ಕ್ಕೆ ನೆಗೆಯುವುದು ಒಂದೇ ದಿನದಲ್ಲಿ. ರಾಜಿಯೆಯ ಬಡ ಗಂಡ ಹೊಜ್ಜತ್ ಮತ್ತು ಅವನಿಗೆ ಸಾಲ ಕೊಟ್ಟವರು ಆ ಹಣದ ಮೇಲೆ ಅಷ್ಟೊಂದು ಕಣ್ಣಿಡಲು ಕಾರಣ ಇದು.

ಈ ಹತ್ತೊಂಬತ್ತನೇ ವಾರವನ್ನು ಮನಸ್ಸಿನಲ್ಲಿಟ್ಟುಕೊಂಡು ಬಸಿರಿನ ಬಗೆಗಿನ ಇರಾನಿ ಚಿತ್ರಗಳನ್ನು ನೋಡಿದರೆ, ಪಾತ್ರಗಳು ಯಾಕೆ ಅಷ್ಟು ಅವಸರದಲ್ಲಿ, ಅಷ್ಟು ಮೆಲುದನಿಯಲ್ಲಿ ಮಾತಾಡುತ್ತಾರೆ ಎಂಬುದು ಬಿಡಿಸಿಕೊಳ್ಳುತ್ತದೆ. ನಮ್ಮ ಕಣ್ಣಿಗೆ ಅದು ನಟನೆಯ ಶೈಲಿ ಎಂದು ಕಾಣಬಹುದು. ಅವರ ತಲೆಯಲ್ಲಿ ಓಡುತ್ತಿರುವುದು ಕ್ಯಾಲೆಂಡರ್.

ಮೊಹ್ಸೆನ್ ಅಬ್ದೊಲ್‌ವಹಾಬ್ ನಿರ್ದೇಶನದ ‘ಬೆ ದೊನ್ಯಾ ಆಮದನ್’ ಇದಕ್ಕೆ ಒಳ್ಳೆಯ ಉದಾಹರಣೆ. ಹೆಸರಿನ ಅರ್ಥ ‘ಲೋಕಕ್ಕೆ ಬರುವುದು’. ರಖ್ಶಾನ್ ಬನಿ-ಎತೆಮಾದ್ ಜೊತೆ ‘ಗಿಲಾನೆ’ ಮತ್ತು ‘ಖೂನ್ ಬಾಜಿ’ ಚಿತ್ರಗಳನ್ನು ಸಹನಿರ್ದೇಶನ ಮಾಡಿದವರು ಅಬ್ದೊಲ್‌ವಹಾಬ್. ಎಲ್ಹಾಮ್ ಕೊರ್ದಾ ಮತ್ತು ಹೆದಾಯತ್ ಹಾಶೆಮಿ ಇಲ್ಲಿ ಕಲಾರಂಗದಲ್ಲಿ ದುಡಿಯುವ ಗಂಡ–ಹೆಂಡತಿ. ಒಬ್ಬ ಮಗ ಇದ್ದಾನೆ. ತಿಂಗಳ ಹಣ ತಿಂಗಳಿಗೆ ಸಾಲುತ್ತದೆ, ಅಷ್ಟೇ. ಎಣಿಸದೇ ಇದ್ದ ಎರಡನೇ ಬಸಿರು ಬರುತ್ತದೆ. ತೆಗೆಸುವುದೇ ಸರಿ ಎಂದುಕೊಂಡ ಮೇಲೆ ಹೆಂಡತಿಯ ಮನಸ್ಸು ತಿರುಗುತ್ತದೆ, ಗಂಡನದು ತಿರುಗುವುದಿಲ್ಲ. ಕತೆ ಇಷ್ಟೇ. ಇಲ್ಲಿ ಖಳನಾಯಕರಿಲ್ಲ. ಇಬ್ಬರೂ ಓದಿದವರು, ಒಬ್ಬರನ್ನೊಬ್ಬರು ಪ್ರೀತಿಸುವವರು. ಎರಡನೇ ಮಗು ಬಂದರೆ ಯಾರ ಕೆಲಸ ನಿಲ್ಲುತ್ತದೆ ಎಂಬ ಪ್ರಶ್ನೆ ಅಡುಗೆಮನೆಗೂ ಮಲಗುವ ಕೋಣೆಗೂ ನಡುವೆ ಓಡಾಡುತ್ತದೆ. ಫರ್ಹಾದಿಯ ಬಿಗಿ ಇದರಲ್ಲಿಲ್ಲ. ಆದರೆ ಮದುವೆಯೊಳಗಿನ ಬೇಡದ ಬಸಿರನ್ನು ಇಷ್ಟು ನೇರವಾಗಿ ಮೇಜಿನ ಮೇಲಿಟ್ಟ ಇರಾನಿ ಚಿತ್ರಗಳು ಕಡಿಮೆ. ಅದಕ್ಕಾಗಿ ನನಗೆ ಈ ಚಿತ್ರದ ಮೇಲೆ ಗೌರವ.

ಇಂಥ ದಂಪತಿಗೆ ಟೆಹ್ರಾನಿನಲ್ಲಿ ಏನೇನು ದಾರಿ ಇತ್ತು ಎಂದು ನೋಡೋಣ. ಮುಟ್ಟು ತಪ್ಪಿದ ಮೇಲೆ ಮೊದಲು ದಾರೂಖಾನೆಗೆ, ಅಂದರೆ ಔಷಧಿ ಅಂಗಡಿಗೆ, ಹೋಗಿ ‘ಬೇಬಿ ಚೆಕ್’ ತರುವುದು. ಮನೆಯಲ್ಲೇ ಮೂತ್ರ ಪರೀಕ್ಷಿಸುವ ಪಟ್ಟಿಗೆ ಅಲ್ಲಿ ಬ್ರ್ಯಾಂಡ್ ಯಾವುದಾದರೂ ಇದೇ ಹೆಸರು, ಬಾಯಿಮಾತಿನಲ್ಲಿ ‘ಬೀಬೀ ಚೆಕ್’. ಎರಡು ಗೆರೆ ಬಂದರೆ ಪ್ರಯೋಗಾಲಯದಲ್ಲಿ ರಕ್ತಪರೀಕ್ಷೆ, ಅದನ್ನು ‘ಬೆತಾ’ ಎನ್ನುತ್ತಾರೆ. ಆಮೇಲೆ ಸೋನೋಗ್ರಾಫಿ. ಇಲ್ಲಿಯವರೆಗೆ ನಮ್ಮಲ್ಲಿ ಇದ್ದ ಹಾಗೆಯೇ. ಇಲ್ಲಿಂದ ಮುಂದೆ ದಾರಿ ಕವಲೊಡೆಯುತ್ತದೆ.

ಕಾನೂನಿನ ದಾರಿ ಆಗ 2005ರ ಚಿಕಿತ್ಸಾತ್ಮಕ ಗರ್ಭಪಾತ ಕಾಯ್ದೆಯದಾಗಿತ್ತು. ಎರಡೇ ಕಾರಣಗಳು: ಭ್ರೂಣದ ಗಂಭೀರ ನ್ಯೂನತೆ ತಾಯಿಗೆ ತಾಳಲಾರದ ಕಷ್ಟವಾಗುವಂತಿರಬೇಕಿತ್ತು, ಇಲ್ಲವೇ ತಾಯಿಗೆ ಇರುವ ಕಾಯಿಲೆಯಿಂದ ಅವಳ ಜೀವಕ್ಕೆ ಅಪಾಯವಿರಬೇಕಿತ್ತು. ಮೂವರು ತಜ್ಞವೈದ್ಯರು ಹೇಳಬೇಕಿತ್ತು, ಪೆಜೆಶ್ಕಿಯೆ ಖಾನೂನಿ ಎಂಬ ನ್ಯಾಯವೈದ್ಯಕೀಯ ಸಂಸ್ಥೆ ದೃಢಪಡಿಸಬೇಕಿತ್ತು, ಹೆಂಗಸು ಒಪ್ಪಬೇಕಿತ್ತು, ಇದೆಲ್ಲ ಜೀವಾತ್ಮ ಬರುವ ಮೊದಲೇ ಮುಗಿಯಬೇಕಿತ್ತು. ಗಂಡನ ಸಹಿ ಆ ಕಾಯ್ದೆಯಲ್ಲಿ ಬೇಕಿರಲಿಲ್ಲ, ಇದು ಹಲವರಿಗೆ ಅಚ್ಚರಿ ತರುವ ಸಂಗತಿ. ಆದರೆ ‘ನಮಗೆ ಇನ್ನೊಂದು ಮಗು ಬೇಡ’ ಎಂಬುದಕ್ಕೆ ಅಲ್ಲಿ ಜಾಗವೇ ಇರಲಿಲ್ಲ. ‘ಕಾಂಡೋಮ್ ಕೈಕೊಟ್ಟಿತು’ ಎಂಬುದಕ್ಕೂ ಇರಲಿಲ್ಲ. ಭಾರತದಲ್ಲಿ ನೋಡುವವರು ಎಡವುವುದು ಇಲ್ಲೇ. ನಮ್ಮ 1971ರ ಕಾಯ್ದೆ ಗರ್ಭನಿರೋಧಕ ವಿಫಲವಾದುದನ್ನು ಕಾರಣವೆಂದು ಒಪ್ಪುತ್ತದೆ. 2021ರ ತಿದ್ದುಪಡಿಯಿಂದ ‘ವಿವಾಹಿತೆ ಅಥವಾ ಅವಳ ಗಂಡ’ ಎಂದಿದ್ದುದು ‘ಹೆಂಗಸು ಅಥವಾ ಅವಳ ಸಂಗಾತಿ’ ಎಂದಾಯಿತು. ಇಪ್ಪತ್ತು ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. ಈ ಕಾನೂನನ್ನೇ ತಲೆಯಲ್ಲಿಟ್ಟುಕೊಂಡು ಇರಾನಿ ಚಿತ್ರ ನೋಡಿದರೆ, ‘ಆಸ್ಪತ್ರೆಗೆ ಹೋಗಬಾರದೇ?’ ಎಂದು ಕೇಳಬೇಕೆನಿಸುತ್ತದೆ.

ಆಸ್ಪತ್ರೆಗೆ ಹೋದರೆ ಅಪಾಯ ವೈದ್ಯರಿಗೂ ಇದೆ. 624ನೇ ವಿಧಿಯಂತೆ ಗರ್ಭಪಾತಕ್ಕೆ ನೆರವಾದ ವೈದ್ಯ, ಸೂಲಗಿತ್ತಿ, ಔಷಧ ಮಾರುವವರಿಗೆ ಎರಡರಿಂದ ಐದು ವರ್ಷ ಸೆರೆ. ಹಾಗಾಗಿ ಪರಿಚಯದವರ ಪರಿಚಯದವರ ಮೂಲಕ ಒಂದು ಫೋನ್ ನಂಬರ್, ಸಂಜೆಯ ಮೇಲೆ ತೆರೆಯುವ ಕ್ಲಿನಿಕ್, ನಗದು ಹಣ. ಇಲ್ಲವೇ ಟೆಹ್ರಾನಿನ ನಾಸೆರ್ ಖೊಸ್ರೊ ಬೀದಿ. ಹಳೆಯ ಊರಿನ ಈ ಬೀದಿ ಕಾಳಸಂತೆಯ ಔಷಧಕ್ಕೆ ಹೆಸರಾದದ್ದು. ಕಾನೂನಿನ ಪ್ರಕಾರ ಆಸ್ಪತ್ರೆಗಳಲ್ಲಿ ಮಾತ್ರ ಸಿಗಬೇಕಾದ ಮಿಸೊಪ್ರೊಸ್ಟಾಲ್ ಮಾತ್ರೆ ಇಂಥ ಕಡೆ ಕೈಗೆ ಸಿಗುತ್ತದೆ. ತಪ್ಪುವುದು ಮಾತ್ರೆಯಿಂದಲ್ಲ, ಅದು ಬರುವ ದಾರಿಯಿಂದ. ಪೊಟ್ಟಣದ ಮೇಲೆ ಬರೆದದ್ದೇ ಒಳಗಿದೆ ಎಂಬ ಖಾತ್ರಿಯಿಲ್ಲ. ಎಷ್ಟನೇ ವಾರ ಎಂದು ಮಾರುವವನು ಕೇಳುವುದಿಲ್ಲ, ವಾರ ಹೆಚ್ಚಾದಂತೆ ಪ್ರಮಾಣ ಬದಲಾಗಬೇಕು. ಗರ್ಭ ಕೊಳವೆಯಲ್ಲಿ ನಿಂತಿದೆಯೇ ಎಂದು ಯಾರೂ ನೋಡಿರುವುದಿಲ್ಲ. ಹಾಗೆ ನಿಂತಿದ್ದರೆ ಮಾತ್ರೆ ಕೆಲಸ ಮಾಡುವುದಿಲ್ಲ, ಕೊಳವೆ ಒಡೆದು ಒಳಗೇ ರಕ್ತ ಹರಿಯುತ್ತದೆ. ಗಂಟೆಗೆ ಎರಡು ದಪ್ಪ ಪ್ಯಾಡ್ ತೊಯ್ದು, ಅದು ಎರಡು ಗಂಟೆ ಸತತವಾಗಿ ಮುಂದುವರಿದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕೆಂಬುದು ಎಲ್ಲ ದೇಶದ ವೈದ್ಯರೂ ಹೇಳುವ ಮಾತು. ಪೊಲೀಸಿಗೆ ಹೆದರುವ ಹೆಂಗಸು ಆ ಎರಡು ಗಂಟೆಯನ್ನು ನಾಲ್ಕು ಮಾಡಿಕೊಳ್ಳುತ್ತಾಳೆ. ಜೀವ ಹೋಗುವುದು ಆ ಹೆಚ್ಚುವರಿ ಎರಡು ಗಂಟೆಯಲ್ಲಿ.

ಕಾನೂನಿನ ದಾರಿ ಹಿಡಿದವರಿಗೂ ಸಮಯ ಸಾಲದು. ಮೊದಲ ತಪಾಸಣೆ ಹನ್ನೊಂದರಿಂದ ಹದಿನಾಲ್ಕನೇ ವಾರದೊಳಗೆ. ಅದರಲ್ಲಿ ಸಂದೇಹ ಬಂದರೆ ಗರ್ಭಜಲ ತೆಗೆಯುವುದು ಹದಿನೈದು–ಹದಿನಾರನೇ ವಾರದಿಂದ. ಅದರ ವರ್ಣತಂತು ವರದಿ ಬರಲು ಎರಡು–ಮೂರು ವಾರ. ಅಲ್ಲಿಗೇ ಹದಿನೆಂಟು, ಹತ್ತೊಂಬತ್ತು. ವರದಿ ಹಿಡಿದು ಮೂವರು ತಜ್ಞರ ಬಳಿ ಹೋಗಬೇಕಿತ್ತು, ಆಮೇಲೆ ನ್ಯಾಯವೈದ್ಯಕೀಯ ಕಚೇರಿಗೆ. ಸ್ಕ್ಯಾನಿಂಗ್ ಯಂತ್ರದ ಲೆಕ್ಕವೂ ಕಲ್ಲಿನ ಮೇಲೆ ಕೆತ್ತಿದ್ದಲ್ಲ. ಮೊದಲ ಮೂರು ತಿಂಗಳಲ್ಲಿ ಐದರಿಂದ ಏಳು ದಿನ ಹೆಚ್ಚುಕಡಿಮೆ ಆಗಬಹುದು, ಹದಿನಾರನೇ ವಾರ ದಾಟಿದ ಮೇಲೆ ಸುಮಾರು ಹತ್ತು ದಿನ. ಮೊದಲ ಸ್ಕ್ಯಾನ್ ತಡವಾಗಿ ಮಾಡಿಸಿದವಳ ಹಣೆಬರಹ ಆ ಹತ್ತು ದಿನದಲ್ಲಿದೆ.

ಈ ಕಾನೂನುಗಳಿಗಿಂತ ಇರಾನಿನ ದಂಪತಿಗಳನ್ನು ಹೆಚ್ಚು ಗೊಂದಲಕ್ಕೆ ತಳ್ಳಿದ್ದು ಸರ್ಕಾರದ ಮನಸ್ಸು ಬದಲಾದ ರೀತಿ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. 1976ರಲ್ಲಿ 3.37 ಕೋಟಿ ಇದ್ದ ಜನಸಂಖ್ಯೆ 1986ಕ್ಕೆ 4.94 ಕೋಟಿಯಾಯಿತು. ಕ್ರಾಂತಿಯ ನಂತರ ಕುಟುಂಬ ಯೋಜನೆ ಮೂಲೆ ಸೇರಿತ್ತು, ಇರಾಕಿನೊಂದಿಗೆ ಯುದ್ಧ ನಡೆಯುತ್ತಿತ್ತು, ಮಕ್ಕಳು ಹೆಚ್ಚಿದಷ್ಟೂ ಒಳ್ಳೆಯದೆಂಬ ಕಾಲ. ನಮ್ಮ ಲೆಕ್ಕದ ಎಂಬತ್ತರ ದಶಕದಲ್ಲಿ ಹುಟ್ಟಿದವರನ್ನು ಅಲ್ಲಿ ‘ದಹೆ ಶಸ್ತಿ’ ಎನ್ನುತ್ತಾರೆ, ಅವರ ಪಂಚಾಂಗದ ಅರವತ್ತರ ದಶಕದವರು ಎಂದು. ಪಾಳಿಯಲ್ಲಿ ನಡೆದ ಶಾಲೆ, ಬೆಂಚಿಗೆ ಮೂವರು, ಪ್ರತಿಯೊಂದಕ್ಕೂ ಸಾಲು, ಇದು ಅವರ ಬಾಲ್ಯದ ನೆನಪು. ಯುದ್ಧ ಮುಗಿದ ಮೇಲೆ 1989ರಲ್ಲಿ ಸರ್ಕಾರ ಪೂರ್ತಿ ತಿರುಗಿತು. ಹಳ್ಳಿ ಹಳ್ಳಿಯ ಆರೋಗ್ಯಮನೆಗಳಲ್ಲಿ ಬೆಹ್ವರ್ಜ್ ಎಂಬ ಕಾರ್ಯಕರ್ತರು ಮಾತ್ರೆ, ಕಾಂಡೋಮ್ ಉಚಿತವಾಗಿ ಕೊಟ್ಟರು, ವ್ಯಾಸೆಕ್ಟಮಿಯೂ ಉಚಿತವಾಯಿತು, ಮದುವೆಗೆ ಮುನ್ನ ತರಗತಿ ಕಡ್ಡಾಯವಾಯಿತು. ‘ಮಕ್ಕಳು ಕಡಿಮೆ, ಬದುಕು ಉತ್ತಮ’ ಎಂಬ ಘೋಷಣೆ ಗೋಡೆಗಳ ಮೇಲೆ ಬಂತು. 1993ರ ಕಾಯ್ದೆ ನಾಲ್ಕನೇ ಮಗುವಿನಿಂದ ಮುಂದಕ್ಕೆ ಸವಲತ್ತು ಕಡಿತಗೊಳಿಸಿತು. ಹೆಂಗಸಿಗೆ ಸರಾಸರಿ ಆರಕ್ಕೂ ಹೆಚ್ಚು ಇದ್ದ ಮಕ್ಕಳ ಸಂಖ್ಯೆ 2000ದ ಹೊತ್ತಿಗೆ ಎರಡರ ಆಸುಪಾಸಿಗೆ ಇಳಿಯಿತು. ಜಗತ್ತಿನಲ್ಲಿ ಇಷ್ಟು ಬೇಗ ಇಳಿದ ಉದಾಹರಣೆಗಳು ವಿರಳ.

ಮತ್ತೆ 2012ರಲ್ಲಿ ಗಾಳಿ ತಿರುಗಿತು. ಆ ನೀತಿಯನ್ನು ತೊಂಬತ್ತರ ದಶಕದ ನಡುವಿಗೇ ನಿಲ್ಲಿಸಬೇಕಿತ್ತು, ಮುಂದುವರಿಸಿದ್ದು ತಪ್ಪು ಎಂದು ಪರಮೋಚ್ಚ ನಾಯಕ ಖಮೇನಿ ಬಹಿರಂಗವಾಗಿ ಹೇಳಿದರು. ಅದೇ ವರ್ಷ ಕುಟುಂಬ ಯೋಜನೆಯ ಅನುದಾನ ನಿಂತಿತು. ‘ಬೆ ದೊನ್ಯಾ ಆಮದನ್’ ಚಿತ್ರದ ದಂಪತಿಯ ವಯಸ್ಸಿನವರನ್ನು ಈಗ ಯೋಚಿಸಿ. ಎರಡೇ ಸಾಕು, ಒಂದಾದರೂ ಸರಿ ಎಂಬ ಪಾಠವನ್ನು ಮದುವೆಗೆ ಮುನ್ನ ಸರ್ಕಾರವೇ ಅವರನ್ನು ಕೂರಿಸಿ ಹೇಳಿಕೊಟ್ಟಿತ್ತು. ಹತ್ತು–ಹದಿನೈದು ವರ್ಷದಲ್ಲಿ ಅದೇ ಸರ್ಕಾರ ಆ ಪಾಠವನ್ನು ತಪ್ಪು ಎಂದಿತು. ಜೊತೆಗೆ ಇನ್ನೊಂದು ಸಂಗತಿ. ಓದಿದ ದಂಪತಿಗಳಲ್ಲೂ ‘ಸ್ವಾಭಾವಿಕ ವಿಧಾನ’ ಎಂದು ಕರೆಯುವ, ಗಂಡ ಕೊನೆಯ ಗಳಿಗೆಯಲ್ಲಿ ಹಿಂದೆಗೆಯುವ ಪದ್ಧತಿ ಇರಾನಿನಲ್ಲಿ ಬಹಳ ಬಳಕೆಯಲ್ಲಿದೆ. ಅದನ್ನು ನೆಚ್ಚಿದ ನೂರು ಹೆಂಗಸರಲ್ಲಿ ಒಂದು ವರ್ಷದೊಳಗೆ ಸುಮಾರು ಇಪ್ಪತ್ತು ಮಂದಿಗೆ ಗರ್ಭ ನಿಲ್ಲುತ್ತದೆ. ‘ಅನಿರೀಕ್ಷಿತ’ ಎಂದು ಚಿತ್ರಗಳಲ್ಲಿ ಬರುವ ಬಸಿರು ಬಹುಪಾಲು ಹೀಗೆ ಬರುವಂಥದ್ದು. ಇದನ್ನು ಪಾತ್ರಗಳು ಬಾಯಿಬಿಟ್ಟು ಹೇಳುವಂತಿಲ್ಲ.

ಹೇಳುವಂತಿಲ್ಲ ಎಂದೆ. ಯಾಕೆಂದರೆ ಅಲ್ಲಿ ಚಿತ್ರಕ್ಕೆ ಎರಡು ಪರವಾನಗಿ ಬೇಕು. ಚಿತ್ರಕತೆ ಓದಿ ಕೊಡುವ ನಿರ್ಮಾಣದ ಪರವಾನಗಿ ಒಂದು, ಮುಗಿದ ಚಿತ್ರ ನೋಡಿ ಕೊಡುವ ಪ್ರದರ್ಶನದ ಪರವಾನಗಿ ಇನ್ನೊಂದು. ಎರಡನ್ನೂ ಕೊಡುವುದು ಎರ್ಶಾದ್ ಎಂದು ಜನ ಕರೆಯುವ ಸಂಸ್ಕೃತಿ ಸಚಿವಾಲಯ. ಪರದೆಯ ಮೇಲೆ ಹೆಣ್ಣು ತನ್ನದೇ ಮಲಗುವ ಕೋಣೆಯಲ್ಲೂ ತಲೆ ಮುಚ್ಚಿಕೊಂಡಿರಬೇಕು. ಗಂಡ–ಹೆಂಡತಿ ಪಾತ್ರಗಳು ಒಬ್ಬರನ್ನೊಬ್ಬರು ಮುಟ್ಟುವಂತಿಲ್ಲ. ಬಸಿರಿನ ಕತೆಗೆ ಇದಕ್ಕಿಂತ ದೊಡ್ಡ ಅಡ್ಡಿ ಇಲ್ಲ. ಮಗು ಹೇಗೆ ಬಂತು ಎಂಬುದನ್ನು ಬಿಡಿ, ಹೊಟ್ಟೆಯ ಮೇಲೆ ಗಂಡ ಕೈಯಿಡುವುದನ್ನೂ ತೋರಿಸಲಾಗದು. ಹಾಗಾಗಿ ನಿರ್ದೇಶಕರು ಬೇರೆ ವಸ್ತುಗಳನ್ನು ಹುಡುಕಿಕೊಂಡರು: ಸ್ಕ್ಯಾನಿಂಗ್ ಕಾಗದ, ಔಷಧಿ ಚೀಟಿ, ಮೆಟ್ಟಿಲು, ಮುಚ್ಚಿದ ಬಚ್ಚಲ ಬಾಗಿಲು, ಆಫ್ ಆದ ಮೊಬೈಲು. ಬೇರೆ ದೇಶದ ಚಿತ್ರದಲ್ಲಿ ಒಂದು ಅಪ್ಪುಗೆ ಮಾಡುವ ಕೆಲಸವನ್ನು ಇಲ್ಲಿ ಒಂದು ಲೋಟ ಚಹಾ ಮಾಡಬೇಕು. ಗಂಡ ಚಹಾ ತಂದು ಪಕ್ಕದಲ್ಲಿಡುತ್ತಾನೆ, ಅವಳು ಕುಡಿಯುತ್ತಾಳೋ ಇಲ್ಲವೋ ಎಂಬುದರ ಮೇಲೆ ದೃಶ್ಯ ನಿಂತಿರುತ್ತದೆ. ಸೆನ್ಸಾರನ್ನು ಹೊಗಳಲು ಇದನ್ನು ಹೇಳುತ್ತಿಲ್ಲ. ಅದರಿಂದ ಕಲೆ ಅರಳಿತು ಎಂದು ಸುಲಭವಾಗಿ ಹೇಳುವವರನ್ನು ನಾನು ಒಪ್ಪುವುದೂ ಇಲ್ಲ. ಬಿದ್ದುಹೋದ ಚಿತ್ರಕತೆಗಳನ್ನು ಯಾರೂ ನೋಡಿಲ್ಲ.

ಮದುವೆಯ ಹೊರಗಿನ ಬಸಿರಿಗೆ ಬಂದರೆ ಲೆಕ್ಕವೇ ಬೇರೆ. ಅಲಿ ಅಸ್ಗರಿಯ ‘ತಾ ಫರ್ದಾ’, ಅಂದರೆ ‘ನಾಳೆಯವರೆಗೆ’, 2022ರಲ್ಲಿ ಬರ್ಲಿನ್ ಉತ್ಸವದಲ್ಲಿ ತೆರೆಕಂಡಿತು. ಟೆಹ್ರಾನಿನಲ್ಲಿ ಒಂಟಿಯಾಗಿ ಬದುಕುತ್ತಿರುವ ಫೆರೆಶ್ತೆಗೆ ಎರಡು ತಿಂಗಳ ಮಗು. ಊರಿನಲ್ಲಿರುವ ಅಪ್ಪ–ಅಮ್ಮನಿಗೆ ಗೊತ್ತಿಲ್ಲ. ಅವರು ಇದ್ದಕ್ಕಿದ್ದಂತೆ ಬರುತ್ತಿದ್ದಾರೆ. ಮಗುವನ್ನು ಒಂದೇ ಒಂದು ರಾತ್ರಿ ಯಾರ ಬಳಿಯಾದರೂ ಬಿಡಬೇಕು. ಇಡೀ ಚಿತ್ರ ಅಷ್ಟೇ. ಮೊದಲು ಮನೆಯಿಂದ ಮಗುವಿನ ಗುರುತುಗಳನ್ನೆಲ್ಲ ಖಾಲಿ ಮಾಡಬೇಕು. ಒಂದು ಪುಟ್ಟ ಜೀವ ಎರಡು ತಿಂಗಳಲ್ಲಿ ಮನೆಯೊಳಗೆ ಎಷ್ಟು ಸಾಮಾನು ಸೇರಿಸಿರುತ್ತದೆ ಎಂಬುದು ಬಚ್ಚಿಡಲು ಹೊರಟಾಗಲೇ ತಿಳಿಯುವುದು. ಆಮೇಲೆ ಗೆಳತಿಯೊಂದಿಗೆ ಊರೆಲ್ಲ ಅಲೆದಾಟ. ಫೆರೆಶ್ತೆಯಾಗಿ ನಟಿಸಿದ ಸದಫ್ ಅಸ್ಗರಿ ಮಗುವನ್ನು ಎತ್ತಿಕೊಳ್ಳುವ ರೀತಿ ನೋಡಬೇಕು. ಬೆಳಿಗ್ಗೆ ಅದು ಸಾಮಾನಿನ ಹಾಗೆ ತೋಳಿನಲ್ಲಿದೆ, ಸಂಜೆಯಾಗುತ್ತ ಎದೆಗೆ ಹತ್ತಿರ ಬರುತ್ತದೆ. ಮಾತಿನಲ್ಲಿ ಎಲ್ಲೂ ಹೇಳದ ಬದಲಾವಣೆ ಅದು.

ಅದೇ ನಿರ್ದೇಶಕನ 2017ರ ‘ನಾಪದೀದ್ ಶೊದನ್’ನಲ್ಲಿ ಬಸಿರಿಲ್ಲ, ಆದರೆ ಬಾಗಿಲುಗಳು ಅವೇ. ಮದುವೆಯಾಗದ ಹುಡುಗ–ಹುಡುಗಿ, ಮೊದಲ ಕೂಡುವಿಕೆಯ ನಂತರ ನಿಲ್ಲದ ರಕ್ತಸ್ರಾವ, ಚಳಿಯ ರಾತ್ರಿ, ಒಂದಾದ ಮೇಲೊಂದು ಆಸ್ಪತ್ರೆ. ಎಲ್ಲ ಕಡೆ ಒಂದೇ ಮಾತು: ಮದುವೆಯ ದಾಖಲೆ ತೋರಿಸಿ, ಇಲ್ಲವೇ ಅಪ್ಪನನ್ನು ಕರೆಸಿ. ಇಲ್ಲಿ ಶೆನಾಸ್‌ನಾಮೆ ಎಂಬ ಗುರುತಿನ ಪುಸ್ತಿಕೆಯ ಬಗ್ಗೆ ತಿಳಿದಿರಬೇಕು. ಅದು ನಮ್ಮ ಆಧಾರ್ ಕಾರ್ಡಿನ ಹಾಗೆ ಬರೀ ಫೋಟೋ–ನಂಬರ್ ಅಲ್ಲ. ಒಳಗೆ ಪುಟಗಳಿವೆ: ಹುಟ್ಟು, ಮದುವೆ, ವಿಚ್ಛೇದನ, ಮಕ್ಕಳು, ಕಡೆಗೆ ಸಾವು. ಒಬ್ಬರ ಇಡೀ ಬಾಳು ಅಂಗೈಯಗಲದ ಪುಸ್ತಕದಲ್ಲಿ. ಗಂಡನ ಹೆಸರಿರಬೇಕಾದ ಪುಟ ಖಾಲಿ ಇದ್ದು ಮಕ್ಕಳ ಪುಟ ತುಂಬುವುದು ಹೇಗೆ? 1997ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ 617ನೇ ಸಂಖ್ಯೆಯ ತೀರ್ಪಿನಲ್ಲಿ, ಮದುವೆಯ ಹೊರಗೆ ಹುಟ್ಟಿದ ಮಗುವಿಗೂ ಹುಟ್ಟಿಸಿದ ತಂದೆಯೇ ಶೆನಾಸ್‌ನಾಮೆ ಮಾಡಿಸಬೇಕೆಂದು ಹೇಳಿತು. ಮಗುವಿಗೆ ಇದು ದೊಡ್ಡ ರಕ್ಷಣೆ. ಆದರೆ ಆ ಹಕ್ಕು ಕೇಳಲು ಹೋಗುವ ತಾಯಿ ಮೊದಲು ತನ್ನ ಬಾಯಿಂದಲೇ ಶಿಕ್ಷಾರ್ಹ ಸಂಬಂಧವನ್ನು ಒಪ್ಪಿಕೊಂಡಂತಾಗುತ್ತದೆ. ಫೆರೆಶ್ತೆ ಬೀದಿಬೀದಿ ಅಲೆಯುವುದಕ್ಕೆ ಅಪ್ಪ–ಅಮ್ಮನ ಭಯ ಒಂದೇ ಕಾರಣವಲ್ಲ.

ಮದುವೆಯಾಗಿ, ಎಲ್ಲ ಸರಿಯಿದ್ದು ಮಗು ಹುಟ್ಟಿದ ಮೇಲೂ ಮೇಜಿನ ಆಚೆಯ ಮನುಷ್ಯ ಇದ್ದೇ ಇರುತ್ತಾನೆ. ಅಸ್ಗರಿ ಮತ್ತು ಅಲಿರೆಜಾ ಖಾತಮಿ ಸೇರಿ ಮಾಡಿದ 2023ರ ‘ಆಯೆಹಾಯೆ ಜಮೀನಿ’ಯ ಒಂದು ಕಂತಿನಲ್ಲಿ ಅಪ್ಪನೊಬ್ಬ ಮಗನಿಗೆ ಡೇವಿಡ್ ಎಂಬ ಹೆಸರು ಬರೆಸಲು ನೋಂದಣಿ ಕಚೇರಿಗೆ ಬರುತ್ತಾನೆ. ಕ್ಯಾಮೆರಾ ಅಲುಗುವುದಿಲ್ಲ. ಅಧಿಕಾರಿಯ ಮುಖ ಕಾಣುವುದಿಲ್ಲ, ದನಿ ಮಾತ್ರ. ಆ ಹೆಸರು ಆಗದು ಎನ್ನುತ್ತದೆ ದನಿ.

ಮಾನಿ ಹಘೀಘಿಯ 2022ರ ‘ತಫ್ರೀಖ್’ ಬೇರೆಯ ಜಾತಿಯದು. ಟೆಹ್ರಾನಿನಲ್ಲಿ ನಿಲ್ಲದ ಮಳೆ. ಡ್ರೈವಿಂಗ್ ಕಲಿಸುವ ಬಸುರಿ ಫರ್ಜಾನೆ ತನ್ನ ಗಂಡ ಬೇರೆ ಮನೆಗೆ ಹೋಗುವುದನ್ನು ನೋಡುತ್ತಾಳೆ. ಅಲ್ಲಿರುವುದು ಗಂಡನಲ್ಲ, ಅವನಂತೆಯೇ ಇರುವ ಇನ್ನೊಬ್ಬ, ಅವನ ಹೆಂಡತಿ ಥೇಟ್ ಇವಳಂತೆ. ತರಾನೆ ಅಲಿದೂಸ್ತಿ, ನವೀದ್ ಮೊಹಮ್ಮದ್‌ಜಾದೆ ತಲಾ ಎರಡು ಪಾತ್ರ. ಪರ್ಷಿಯನ್‌ನಲ್ಲಿ ತಫ್ರೀಖ್ ಎಂದರೆ ಕಳೆಯುವ ಲೆಕ್ಕ. ಇದನ್ನು ಒಗಟಿನ ಚಿತ್ರವಾಗಿಯೇ ಎಲ್ಲರೂ ಬಿಡಿಸುತ್ತಾರೆ. ನನಗೆ ಮುಖ್ಯವೆನಿಸುವುದು ಬಸಿರಾದ ಕಾರಣಕ್ಕೆ ಫರ್ಜಾನೆ ತನ್ನ ಮನೋರೋಗದ ಔಷಧ ಬಿಟ್ಟಿದ್ದಾಳೆ ಎಂಬ ಸಣ್ಣ ವಿವರ. ಅವಳು ಕಂಡದ್ದನ್ನು ಯಾರೂ ಒಮ್ಮೆಗೆ ನಂಬದಿರುವುದು ಅದರಿಂದ. ಹೊಟ್ಟೆಯ ಮಗುವಿಗೆ ತೊಂದರೆಯಾದೀತೆಂದು ಇಂಥ ಔಷಧವನ್ನು ಒಮ್ಮೆಲೇ ಬಿಡುವುದು ಎಲ್ಲ ಊರಿನಲ್ಲೂ ಆಗುವ ತಪ್ಪು. ಕಾಯಿಲೆ ಮರುಕಳಿಸಿದರೆ ತಾಯಿಗೂ ಮಗುವಿಗೂ ಕೇಡು. ಯಾವುದನ್ನು ನಿಲ್ಲಿಸಬೇಕು, ಯಾವುದನ್ನು ಬದಲಿಸಬೇಕು, ಯಾವುದನ್ನು ಮುಂದುವರಿಸಬೇಕೆಂದು ವೈದ್ಯರೇ ಹೇಳಬೇಕು.

ಬೆಂಗಳೂರಿನ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಇರಾನಿ ಚಿತ್ರಗಳಿಗೆ ಸಾಲು ನಿಲ್ಲುವವರು ಬಹಳ. ಅವರಿಗಾಗಿ ಒಂದೆರಡು ಮಾತು. ಉಪಶೀರ್ಷಿಕೆಯನ್ನು ಪೂರ್ತಿ ನೆಚ್ಚಬೇಡಿ, ಕಿವಿ ಕೊಡಿ. ಹೈದರ್–ಟಿಪ್ಪು ಕಾಲದ ಮೈಸೂರಿನಲ್ಲೂ ಅದಕ್ಕೂ ಮೊದಲು ಆದಿಲಶಾಹಿ ವಿಜಯಪುರದಲ್ಲೂ ಪರ್ಷಿಯನ್ ಆಡಳಿತ ಭಾಷೆಯಾಗಿತ್ತು. ವಕೀಲ, ಕಾಗದ, ಮೊಹರು, ಜಾಮೀನು, ಫಿರ್ಯಾದಿ ನಮ್ಮ ಬಾಯಿಗೆ ಬಂದದ್ದು ಆ ದಾರಿಯಿಂದ. ಬಸಿರಿನ ಕತೆಗಳು ಕಚೇರಿಯೊಳಗೆ ಕಾಲಿಟ್ಟ ಕೂಡಲೇ ಆ ಮಾತುಗಳು ಕನ್ನಡದ ಕಿವಿಗೆ ಒಂದೊಂದಾಗಿ ಸಿಗತೊಡಗುತ್ತವೆ. ಹಣದ ಮಾತು ಬಂದಾಗ ತೊಮಾನ್ ಎನ್ನುತ್ತಾರೋ ರಿಯಾಲ್ ಎನ್ನುತ್ತಾರೋ ಗಮನಿಸಿ. ನೋಟಿನ ಮೇಲೆ ಇರುವುದು ರಿಯಾಲ್, ಜನ ಆಡುವುದು ತೊಮಾನ್, ಹತ್ತು ರಿಯಾಲ್‌ಗೆ ಒಂದು ತೊಮಾನ್. ಉಪಶೀರ್ಷಿಕೆ ಇವೆರಡನ್ನು ಬೆರೆಸಿದರೆ ದಿಯೆಯ ಮೊತ್ತ ಹತ್ತುಪಟ್ಟು ತಪ್ಪಾಗಿ ಕಾಣುತ್ತದೆ.

ಚಿತ್ರ ಯಾವ ವರ್ಷದ್ದು ಎಂಬುದನ್ನೂ ನೋಡಿಕೊಳ್ಳಿ. 2021ರ ನವೆಂಬರಿನಲ್ಲಿ, ಸಂಸತ್ತಿನ ಕಾನೂನುಗಳನ್ನು ಪರಿಶೀಲಿಸುವ ಗಾರ್ಡಿಯನ್ ಕೌನ್ಸಿಲ್ ಒಪ್ಪಿದ ‘ಜನಸಂಖ್ಯೆಯ ಯೌವನ ಮತ್ತು ಕುಟುಂಬ ರಕ್ಷಣೆ’ ಕಾನೂನು ಏಳು ವರ್ಷದ ಪ್ರಯೋಗಕ್ಕೆಂದು ಜಾರಿಗೆ ಬಂತು. ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಗರ್ಭನಿರೋಧಕಗಳ ಉಚಿತ ಹಂಚಿಕೆ ನಿಂತಿತು. ಆರೋಗ್ಯದ ಕಾರಣವಿಲ್ಲದೆ ಸಂತಾನಹರಣ ಶಸ್ತ್ರಚಿಕಿತ್ಸೆಗೆ ತಡೆ ಬಂತು. ಭ್ರೂಣದ ತಪಾಸಣೆಯನ್ನು ಎಲ್ಲ ಬಸುರಿಯರಿಗೂ ಸೂಚಿಸುವ ರೂಢಿಗೆ ಕಡಿವಾಣ ಬಿತ್ತು. ಗರ್ಭಪಾತದ ಅರ್ಜಿ ಹೋಗುವ ಸಮಿತಿಯಲ್ಲಿ ತಜ್ಞವೈದ್ಯರು ಮತ್ತು ನ್ಯಾಯವೈದ್ಯರ ಜೊತೆಗೆ ಒಬ್ಬ ನ್ಯಾಯಾಧೀಶರೂ ಕೂರುತ್ತಾರೆ. ತಪಾಸಣೆ ತಡವಾದರೆ ಹದಿನಾರನೇ ವಾರ ಹದಿನೆಂಟಾಗುತ್ತದೆ. ಸಮಿತಿ ಸ್ವಲ್ಪ ತಡ ಮಾಡಿದರೂ ಹತ್ತೊಂಬತ್ತು. 2016ರ ಸುಮಾರಿಗೆ ಬಂದ ‘ಬೆ ದೊನ್ಯಾ ಆಮದನ್’ ದಂಪತಿಗೆ ಇದ್ದುದಕ್ಕಿಂತ ಇಂದಿನವರ ದಾರಿ ಕಿರಿದಾಗಿದೆ.

ರಾಜಿಯೆಯ ಕಡೆಗೆ ಮತ್ತೆ ಬರೋಣ. ನಾದೆರ್ ತಳ್ಳಿದ ಹಿಂದಿನ ದಿನ ಮುದುಕ ಮನೆಯಿಂದ ಹೊರಟು ಬೀದಿಗಿಳಿದಿದ್ದ. ಅವನನ್ನು ಕರೆತರಲು ಓಡಿದ ಅವಳಿಗೆ ಕಾರು ಬಡಿದಿತ್ತು. ಆ ಹೊಡೆತವನ್ನು ಫರ್ಹಾದಿ ತೋರಿಸುವುದಿಲ್ಲ. ಅವಳು ರಸ್ತೆಯಂಚಿನಲ್ಲಿ ನಿಂತು ಆಚೆ ನೋಡುತ್ತಿರುವಲ್ಲಿಗೆ ದೃಶ್ಯ ಕತ್ತರಿಸುತ್ತದೆ. ಆ ರಾತ್ರಿಯೇ ನೋವು ಶುರುವಾಗಿತ್ತು. ಮರುದಿನ ಮುದುಕನನ್ನು ಮಂಚಕ್ಕೆ ಕಟ್ಟಿ ಅವಳು ಹೋದದ್ದು ವೈದ್ಯರ ಬಳಿಗೆ. ಮಗು ಹೋದದ್ದು ತಳ್ಳಿದ್ದರಿಂದಲೋ ಕಾರಿನಿಂದಲೋ ಅವಳಿಗೇ ಖಾತ್ರಿಯಿಲ್ಲ. ಕೆಲಸಕ್ಕೆ ಹೋಗುತ್ತಿದ್ದುದನ್ನೇ ಗಂಡನಿಂದ ಮುಚ್ಚಿಟ್ಟಿದ್ದವಳು, ಮುದುಕನ ಬಟ್ಟೆ ಬದಲಿಸುವುದು ಪಾಪವೇ ಎಂದು ಫೋನ್ ಮಾಡಿ ಕೇಳಿದ್ದವಳು. ಕಡೆಗೆ ಎರಡೂ ಮನೆಯವರು, ಸಾಲ ಕೊಟ್ಟವರು ಅವಳ ಮನೆಯಲ್ಲಿ ಸೇರುತ್ತಾರೆ. ಹಣದ ಮಾತು ಮುಗಿದಿದೆ. ನಾದೆರ್ ಒಂದೇ ಕೇಳುತ್ತಾನೆ: ಮಗು ಹೋದದ್ದು ನನ್ನಿಂದಲೇ ಎಂದು ಕುರಾನ್ ಮುಟ್ಟಿ ಹೇಳಲಿ. ರಾಜಿಯೆ ಅಡುಗೆಮನೆಗೆ ಹೋಗುತ್ತಾಳೆ, ಗಂಡ ಹಿಂದೆಯೇ ಬಂದು ಬೇಡಿಕೊಳ್ಳುತ್ತಾನೆ, ಪಾಪ ನನ್ನ ತಲೆಗೆ ಬರಲಿ ಎನ್ನುತ್ತಾನೆ. ಅವಳು ಆಣೆ ಮಾಡುವುದಿಲ್ಲ. ಅವನು ತನ್ನ ಮುಖಕ್ಕೆ ತಾನೇ ಹೊಡೆದುಕೊಂಡು ಹೊರಗೆ ನುಗ್ಗುತ್ತಾನೆ. ನಾದೆರ್, ಅವನ ಹೆಂಡತಿ ಸಿಮಿನ್, ತೆರ್ಮೆ ಕೆಳಗಿಳಿದು ಬಂದಾಗ ಅವರ ಕಾರಿನ ಮುಂದಿನ ಗಾಜು ಒಡೆದಿರುತ್ತದೆ. ಮೂವರೂ ಮಾತಿಲ್ಲದೆ ಹತ್ತಿ ಕೂರುತ್ತಾರೆ, ಬಿರುಕುಬಿಟ್ಟ ಗಾಜಿನ ಹಿಂದೆ.